ಬ್ರಿಜ್ಜಿನ ಬೆಂಚು ಅಂತ ಕೊಂಡೆ, ಟೇಪು ಹಿಡಿದು ನೋಡಿದೆ

ಬೆಂಚು ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಜೊತೆ ಕೊಟ್ಟ ಕಥೆ ಮಾತ್ರ ಸುಳ್ಳು.

ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಹಳೆ ಕಟ್ಟಿಗೆ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ ಬಿಡಿ. ಬಾಗಿಲ ಚೌಕಟ್ಟು ನೋಡೋಕೆ ಹೋದವನು ರೈಲ್ವೆ ಸ್ಲೀಪರಿನ, ಅಂದರೆ ಹಳಿಯ ಅಡಿಗೆ ಅಡ್ಡ ಹಾಕುವ ಕಟ್ಟಿಗೆ ತೊಲೆಯ, ಬೆಂಚು ಹೊರಿಸಿಕೊಂಡು ಬಂದೆ. ಆರಡಿ ಉದ್ದದ ಎರಡು ಸ್ಲೀಪರ್ ಜೋಡಿಸಿ ಮೇಲ್ಭಾಗ, ಇನ್ನೊಂದನ್ನು ಕೊಯ್ದು ಕಾಲು. ಪಕ್ಕದಲ್ಲೇ ಇಂಥದ್ದೇ ಇನ್ನೊಂದು ಬೆಂಚು 7,500 ರೂಪಾಯಿಗೆ ಇತ್ತು. ಇದಕ್ಕೆ 9,000. ಯಾಕ್ರೀ ಅಂದರೆ, "ಸರ, ಇದು ಹೊಳೆಆಲೂರಿನ ಬ್ರಿಜ್ಜಿಂದು, ಮಲಪ್ರಭಾ ಹೊಳಿ ಮ್ಯಾಲಿಂದು, ಬ್ರಿಟಿಷರ ಕಾಲದ್ದು ನೋಡ್ರಿ" ಅಂದ. ನಾನು ಅಲ್ಲೇ ಕರಗಿಹೋದೆ.

ಯಾಕಂದ್ರೆ ಆ ಲೈನು ನನಗೆ ಸುಮ್ನೆ ಒಂದು ಲೈನಲ್ಲ. ಚಿಕ್ಕವನಿದ್ದಾಗ ಗದಗಿನಿಂದ ಬಾಗಲಕೋಟೆಗೆ ಅಜ್ಜಿಯ ಜೊತೆ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ರೈಲಲ್ಲಿ ಹೋಗುತ್ತಿದ್ದೆ. ಮಲ್ಲಾಪುರ ದಾಟಿ ಹೊಳೆಆಲೂರು ಹತ್ತಿರ ಬಂದರೆ ಸಾಕು, ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ಪೈಸೆ ತೆಗೆದು ನನ್ನ ಕೈಗೆ ಕೊಡುತ್ತಿದ್ದಳು. ರೈಲು ಬ್ರಿಜ್ಜಿಗೆ ಬಂದ ಕೂಡಲೇ ಗಾಲಿಗಳ ಸದ್ದೇ ಬೇರೆ ಆಗುತ್ತಿತ್ತು, ಆಗ ನಾನು ಕಿಟಕಿಯಿಂದ ಪೈಸೆ ಎಸೆಯಬೇಕು, ಅಜ್ಜಿ ಕೈ ಮುಗಿಯಬೇಕು. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರಿಗಿಂತ ಉಸುಕೇ ಜಾಸ್ತಿ ಇದ್ದರೂ ಪೈಸೆ ತಪ್ಪುತ್ತಿರಲಿಲ್ಲ.

ಗದಗದಿಂದ ಸೊಲ್ಲಾಪುರ ಹತ್ತಿರದ ಹೊಟಗಿವರೆಗಿನ ಈ ಲೈನು ಹುಟ್ಟಿದ್ದೇ ಬರಗಾಲದಿಂದ. 1876–78ರ ಭೀಕರ ಬರದಲ್ಲಿ ಈ ಸೀಮೆಗೆ ಕಾಳು ತಲುಪಿಸೋಕೆ ಎತ್ತಿನ ಗಾಡಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಎತ್ತಿಗೇ ಮೇವಿಲ್ಲ ಅಂದಮೇಲೆ ಗಾಡಿ ಎಲ್ಲಿ ಹೋದೀತು? ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಬಂತು, 1884ರಲ್ಲಿ ಈ ದಾರಿಯಲ್ಲಿ ರೈಲು ಓಡಿತು. ಖರ್ಚು ಕಡಿಮೆ ಅಂತ ಮೀಟರ್ ಗೇಜ್. ಭೀಮಾ, ಕೃಷ್ಣಾ, ಮಲಪ್ರಭಾ, ಮೂರು ದೊಡ್ಡ ಹೊಳೆ ದಾಟಬೇಕಲ್ಲ, ಕಿರಿದಾದ ಗೇಜಿಗೆ ಬ್ರಿಜ್ಜಿನ ಗರ್ಡರೂ, ಅಂದರೆ ಹಳಿ ಹೊರುವ ಕಬ್ಬಿಣದ ತೊಲೆಯೂ, ಹಗುರ ಸಾಕು. ಹೊಟಗಿಯಲ್ಲಿ ಮಾತ್ರ ಮುಂಬೈ ಕಡೆಯ ಬ್ರಾಡ್ ಗೇಜ್, ಅಂದರೆ ಅಗಲ ಹಳಿಯ ಲೈನು, ಸಿಗುತ್ತಿತ್ತು, ಅಲ್ಲಿ ಚೀಲ ಚೀಲ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ಅಗ್ಗದ ಗೇಜಿನ ಬೆಲೆ ಹಮಾಲರ ಬೆನ್ನ ಮೇಲೆ ಬಿತ್ತು ಅನ್ನಿ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡೇ ಬೆಂಚು ಮನೆಗೆ ತಂದೆ. ಭಾನುವಾರ ಸೋದರಮಾವ ಬಂದರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು, 1885ರ ವರ್ಕ್‌ಶಾಪು ಅದು, ಅವರಿಗೆ ಅದರ ಮೇಲೆ ಮನೆತನದ ಹೆಮ್ಮೆ. ಚಹಾ ಕೂಡ ಕುಡಿಯದೆ ಬೆಂಚನ್ನು ತಲೆಕೆಳಗೆ ಮಾಡಿಸಿದರು.

"ತಮ್ಮಾ, ಇದು ಬ್ರಿಜ್ಜಿಂದಲ್ಲೋ."

ಇಂಥ ಗರ್ಡರ್ ಬ್ರಿಜ್ಜಿನಲ್ಲಿ ಜಲ್ಲಿಕಲ್ಲು ಇರಲ್ಲ, ಸ್ಲೀಪರ್ ನೇರ ಗರ್ಡರ್ ಮೇಲೆ ಕೂರುತ್ತದೆ. ಅದು ಸರಿಯಬಾರದು ಅಂತ ಅಡಿಯಲ್ಲಿ ಕಚ್ಚು ಕೊರೆದಿರುತ್ತಾರೆ, ಕೊಕ್ಕೆ ಬೋಲ್ಟು ಹಾಕಿ ಗರ್ಡರಿಗೆ ಬಿಗಿದಿರುತ್ತಾರೆ. ದಪ್ಪವೂ ಜಾಸ್ತಿ. ನನ್ನದರಲ್ಲಿ ಕಚ್ಚೂ ಇಲ್ಲ, ಕೊಕ್ಕೆ ಬೋಲ್ಟಿನ ತೂತೂ ಇಲ್ಲ, ದಪ್ಪ ಹನ್ನೊಂದೂವರೆ ಸೆಂ.ಮೀ. ಅಷ್ಟೇ. ನೆಲದ ಮೇಲಿನ ಟ್ರ್ಯಾಕಿನದು. ಬ್ರಿಟಿಷರ ಕಾಲದ ಮಾತಂತೂ ಬಿಡಿ. ಬಿಸಿಲು ಮಳೆಯಲ್ಲಿ ಕಟ್ಟಿಗೆ ಸ್ಲೀಪರ್ ಹದಿನೈದು ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು, 1884ರದ್ದು ಯಾವತ್ತೋ ಮಣ್ಣಾಗಿರುತ್ತದೆ.

ಒಂದು ಮಾತು ಮಾತ್ರ ನಿಜ ಇತ್ತು. ಮೀಟರ್ ಗೇಜಿನದೇ. ಹಳಿ ಕೂತು ಕೂತು ಎರಡು ಕಡೆ ತಗ್ಗು ಬಿದ್ದಿದೆ, ಆಚೀಚೆ ಮೊಳೆಯ ತೂತು. ಒಳಗಡೆಯ ಅಂಚಿನಿಂದ ಅಂಚಿಗೆ ಟೇಪು ಹಿಡಿದರೆ 95 ಸೆಂ.ಮೀ. ಬಂತು. ಮೀಟರ್ ಬರಬೇಕಲ್ವಾ ಅಂದೆ. ಗೇಜ್ ಅಳೆಯೋದು ಹಳಿಯ ತಲೆಯಿಂದ ತಲೆಗೆ, ಹಳಿಯ ಪಾದ ತಲೆಗಿಂತ ಅಗಲ, ಹಾಗಾಗಿ ಕೆಳಗೆ ಅಷ್ಟು ಕಡಿಮೆ ಬರುತ್ತದೆ ಅಂದರು. ಈ ಒಂದು ಪಾಠಕ್ಕೇ ಅರ್ಧ ದುಡ್ಡು ವಸೂಲಾಯ್ತು ಅನ್ನಿಸಿತು.

ಹಾಗಾದರೆ ಬ್ರಿಜ್ಜಿನ ಸ್ಲೀಪರೆಲ್ಲ ಎಲ್ಲಿ ಹೋದವು ಅಂತ ಕೇಳಿದೆ. 1992ರಲ್ಲಿ ಯೂನಿಗೇಜ್, ಅಂದರೆ ಲೈನುಗಳನ್ನು ಒಂದೇ ಗೇಜಿಗೆ ತರುವ ಯೋಜನೆ, ಬಂದಮೇಲೆ ಮೀಟರ್ ಗೇಜ್ ಲೈನುಗಳು ಒಂದೊಂದಾಗಿ ಬ್ರಾಡ್ ಗೇಜ್ ಆದವು. ಹಗುರ ಗರ್ಡರ್ ಮೇಲೆ ಇವತ್ತಿನ ಭಾರದ ಗಾಡಿ ಬಿಡೋಕಾಗಲ್ಲ. ಕೈಬಿಟ್ಟ ಬ್ರಿಜ್ಜಲ್ಲಿ ಕಬ್ಬಿಣ ಗುಜರಿಗೆ, ಕಟ್ಟಿಗೆ ಹರಾಜಿಗೆ. ಕಲ್ಲಿನ ಕಂಬ ಮಾತ್ರ ಹೊಳೆಯಲ್ಲೇ ನಿಲ್ಲುತ್ತದೆ, ಕಿತ್ತು ಸಾಗಿಸೋ ಖರ್ಚು ಕಲ್ಲಿನ ಬೆಲೆಗಿಂತ ಜಾಸ್ತಿ ಅಂತ. ರಸ್ತೆ ಸೇತುವೆ ಹಳೆಯದಾದರೆ ಜನ ನಡೆದಾದರೂ ಹೋಗಬಹುದು, ರೈಲ್ವೆಯದಕ್ಕೆ ಸ್ಲೀಪರ್ ಕಿತ್ತರೆ ಕಾಲಿಡೋಕೂ ಜಾಗ ಇಲ್ಲ. ಇಡಿಯಾಗಿ ಉಳಿದದ್ದು ನೋಡಬೇಕಂದ್ರೆ ರಾಜಮಂಡ್ರಿಗೆ ಹೋಗು, ಗೋದಾವರಿ ಮೇಲೆ 1900ರಿಂದ ರೈಲು ಹೊತ್ತ ಹಳೇ ಬ್ರಿಜ್ಜು 1997ರಿಂದ ಖಾಲಿ ನಿಂತಿದೆ ಅಂದರು ಮಾವ.

ಇನ್ನು ಬೆಂಚಿನ ವಿಷಯ. ಭಾರ ಸಿಕ್ಕಾಪಟ್ಟೆ, ನಾಲ್ಕು ಜನ ಬೇಕು. ನಾಲ್ಕು ಜನ ಕೂತರೂ ಅಲುಗಲ್ಲ. ರಂದ ಚೆನ್ನಾಗಿ ಹೊಡೆದಿದ್ದಾರೆ, ಮೊಳೆಯ ತೂತು ಮುಚ್ಚದೆ ಹಾಗೇ ಬಿಟ್ಟಿದ್ದು ಒಳ್ಳೆಯದಾಯ್ತು. ಆದರೆ ಬಿಸಿಲು ಬಿದ್ದರೆ ಡಾಂಬರಿನಂಥ ವಾಸನೆ. ಹುಳ ಹಿಡಿಯಬಾರದು ಅಂತ ಸ್ಲೀಪರಿಗೆ ಕುಡಿಸಿದ ಕ್ರಿಯೋಸೋಟ್ ಎಣ್ಣೆ ಅದು, ಮೈಗೆ ಒಳ್ಳೆಯದಲ್ಲ. ಹಾಗಾಗಿ ಅಡುಗೆಮನೆಗೆ, ಊಟದ ಟೇಬಲ್ಲಿಗೆ ಬೇಡ. ಉಳಿದ ತುಂಡನ್ನು ಒಲೆಗೆ ಹಾಕಲೇಬೇಡಿ. ನಮ್ಮದನ್ನು ಅಂಗಳದ ಬೇವಿನ ಮರದ ಕೆಳಗೆ ಹಾಕಿದ್ದೇವೆ.

ಐದಕ್ಕೆ ಮೂರೂವರೆ ಅಂಕ. 7,500ರ ಬೆಂಚು ಕೊಂಡವರಿಗೆ ನಾಲ್ಕು.

ಮೊನ್ನೆ ಆ ಕಡೆ ಹೋದಾಗ ಅಂಗಡಿಯವನಿಗೆ ಕಚ್ಚು, ಕೊಕ್ಕೆ ಬೋಲ್ಟು ಎಲ್ಲ ವಿವರಿಸಿದೆ. ಪೂರ್ತಿ ಕೇಳಿದ, ತಲೆ ಆಡಿಸಿದ. "ಹಂಗಾರ ಬ್ರಿಜ್ಜಿನ ಬಾಜೂಕಿನ ಟ್ರ್ಯಾಕಿಂದಿರಬೇಕು ಬಿಡ್ರಿ ಸರ" ಅಂದ.