ಒಂದೇ ಪುಟ್ಟ ಲ್ಯಾಪ್‌ಟಾಪ್, ಮೂರು ಓಎಸ್: ಎಂಟು ವರ್ಷ ಬಳಸಿದ ಮೇಲೆ

2017ರಲ್ಲಿ ಕೊಂಡ 11.6 ಇಂಚಿನ ಲ್ಯಾಪ್‌ಟಾಪ್ ಇದು. ಸೆಲೆರಾನ್ ಎನ್3060 ಪ್ರೊಸೆಸರ್, 2 ಜಿಬಿ ರ್‍ಯಾಮ್, ಫೈಲ್ ಇಡಲು 32 ಜಿಬಿಯ ಇಎಂಎಂಸಿ ಚಿಪ್. ಹದಿನೈದು ಸಾವಿರದ ಆಸುಪಾಸು ಕೊಟ್ಟಿದ್ದೆ. ಕಂಪನಿಯ ಹೆಸರು ಬೇಡ, ಆಗ ಇಂಥದ್ದನ್ನು ಬಹಳ ಜನ ಮಾಡಿ ಮಾರುತ್ತಿದ್ದರು. ನನ್ನದು ಮನೆಯಲ್ಲೇ ಕೂತು ಮಾಡುವ ಕೆಲಸ. ಪುಸ್ತಕದ ಟೈಪಿಂಗ್, ಕರಡು ತಿದ್ದುವುದು, ಮೇಲ್ ಕಳಿಸುವುದು, ಅಷ್ಟೇ. ಇದಕ್ಕೆ ಇದು ಸಾಕು ಅಂದುಕೊಂಡಿದ್ದೆ.

ಬಂದಾಗ ಇದ್ದ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ವಿಂಡೋಸ್ 10. ಡಬ್ಬದ ಮೇಲೆ 32 ಅಂತಿದ್ದರೂ ಒಳಗೆ ಕಾಣುವುದು 29 ಜಿಬಿ. ಅದರಲ್ಲಿ ವಿಂಡೋಸ್ ಮತ್ತು ತಯಾರಕರು ಮೊದಲೇ ತುಂಬಿಸಿಟ್ಟ ಸರಕು ಕಳೆದರೆ ನನಗೆ ಉಳಿದದ್ದು ಹತ್ತಕ್ಕೂ ಕಡಿಮೆ. ಆ ಕಾಲದಲ್ಲಿ ವಿಂಡೋಸ್ 10ಕ್ಕೆ ವರ್ಷಕ್ಕೆ ಎರಡು ದೊಡ್ಡ ಅಪ್‌ಡೇಟ್ ಬರುತ್ತಿದ್ದವು. ಬಂದಾಗಲೆಲ್ಲ ಜಾಗ ಸಾಲದು, ಪೆನ್‌ಡ್ರೈವ್ ಹಾಕು ಎನ್ನುತ್ತಿತ್ತು. ಒಮ್ಮೆ ಸಂಜೆ ಶುರು ಮಾಡಿದ್ದು ಮುಗಿಯುವ ಹೊತ್ತಿಗೆ ಬೆಳಗಿನ ಹಾಲಿನವನು ಬಂದಿದ್ದ. ಇದರಲ್ಲಿ ವಿಂಡೋಸನ್ನು ಬೈಯುವುದರಲ್ಲಿ ಅರ್ಥವಿಲ್ಲ. ಬೋರ್ಡಿಗೇ ಬೆಸೆದ, ಬದಲಾಯಿಸಲು ಬಾರದ 32 ಜಿಬಿ ಇಟ್ಟು ಮಾರಿದ್ದೇ ತಪ್ಪು. ನೋಡದೆ ಕೊಂಡದ್ದು ನನ್ನ ತಪ್ಪು.

ಹೀಗೆ ಯಾಕೆ ಮಾಡಿದರು ಅಂತ ಆಮೇಲೆ ಓದಿದೆ. ಅಗ್ಗದ ಯಂತ್ರಗಳ ಮೇಲಿನ ಈ ಪೈಪೋಟಿ ಹಳೆಯದು. 2007ರಲ್ಲಿ ಏಸಸ್ ಕಂಪನಿಯ 'ಈ ಪಿಸಿ' (Eee PC) ಅನ್ನುವ ಪುಟ್ಟ ಲ್ಯಾಪ್‌ಟಾಪ್ ಬಂದಾಗ ಅದರಲ್ಲಿ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಬೇರೆ ಓಎಸ್‌ನ ಝ್ಯಾಂಡ್ರೋಸ್ ಎಂಬ ರೂಪ. 7 ಇಂಚಿನ ಪರದೆ, 4 ಜಿಬಿ ಜಾಗ. ಅಷ್ಟರಲ್ಲಿ ಆಗಿನ ಹೊಸ ವಿಂಡೋಸ್ ವಿಸ್ಟಾ ಹಿಡಿಸುವ ಮಾತೇ ಇರಲಿಲ್ಲ. ಆಗ ಮೈಕ್ರೋಸಾಫ್ಟ್, ನಿಲ್ಲಿಸಬೇಕೆಂದಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಇಂಥ ಯಂತ್ರಗಳಿಗಾಗಿಯೇ 2010ರವರೆಗೆ ಮುಂದುವರಿಸಿತು. ನೆಟ್‌ಬುಕ್ ಎನ್ನುವ ಈ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಬೇಗನೆ ಹಿಂದೆ ಬಿತ್ತು. ನಂತರ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ವಾಲ್‌ಪೇಪರ್ ಕೂಡ ಬದಲಾಯಿಸಲು ಆಗುತ್ತಿರಲಿಲ್ಲ! 2011ರಲ್ಲಿ ಗೂಗಲ್‌ನ ಕ್ರೋಮ್ ಓಎಸ್ ಮೇಲೆ ನಡೆಯುವ ಕ್ರೋಮ್‌ಬುಕ್ ಬಂತು. ಅದಕ್ಕೆ ಎದುರಾಗಿ 2014ರಲ್ಲಿ ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಲೈಸೆನ್ಸ್ ದರ ತೀರಾ ಇಳಿಯಿತು. ಕ್ರೋಮ್‌ಬುಕ್‌ಗೆ ಸಾಕಾಗುವ 2 ಜಿಬಿ, 32 ಜಿಬಿಯಲ್ಲೇ ವಿಂಡೋಸನ್ನೂ ತುರುಕಿದರು. ನನ್ನ ಯಂತ್ರ ಆ ಸಂತಾನದ್ದೇ.

2020ರ ಲಾಕ್‌ಡೌನ್‌ನಲ್ಲಿ ಸಹನೆ ಮುಗಿಯಿತು. ಲುಬುಂಟು ಅನ್ನುವ ಹಗುರವಾದ ಲಿನಕ್ಸ್ ಹಾಕಿದೆ. ವೈಫೈ ತಕ್ಷಣ ಹಿಡಿಯಲಿಲ್ಲ. ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ, ಅದರ ನೆಟ್‌ನಿಂದ ಡ್ರೈವರ್ ಇಳಿಸಿಕೊಳ್ಳಬೇಕಾಯಿತು. ಎರಡು ದಿನ ತಲೆನೋವು. ಆಮೇಲೆ ನೋಡಿ, ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಅಪ್‌ಡೇಟ್ ನಾನು ಹೇಳಿದಾಗ ಮಾತ್ರ. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಈಗಲೂ ಏದುಸಿರು ಬಿಡುತ್ತದೆ. 2 ಜಿಬಿ ರ್‍ಯಾಮನ್ನು ಯಾವ ಓಎಸ್ ತಾನೇ ನಾಲ್ಕು ಮಾಡೀತು?

ನನಗೆ ಇದ್ದ ನಿಜವಾದ ಭಯ ಕನ್ನಡದ್ದು. ಹದಿನೈದು ವರ್ಷದಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಟೈಪ್ ಮಾಡಿದ ಕೈ. ನುಡಿ ವಿಂಡೋಸ್‌ಗೆ ಮಾಡಿದ್ದು. ಆದರೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲೂ ಇರುವ ಅದೇ ವಿನ್ಯಾಸ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಆರಿಸಿದರೆ ಆಯಿತು. ಒತ್ತಕ್ಷರಕ್ಕೆ ಬೆರಳು ತಾನಾಗಿ 'ಎಫ್' ಕಡೆ ಹೋಯಿತು, ಅಕ್ಷರ ಸರಿಯಾಗಿ ಬಿತ್ತು. ಆ ದಿನ ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ತೊಂದರೆ ಬಂದದ್ದು ಹಳೆಯ ಫೈಲ್‌ಗಳಿಂದ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ ಮಾಡಿದ್ದೆಲ್ಲ ಲಿಬ್ರೆ ಆಫೀಸ್ ಅನ್ನುವ ಬರವಣಿಗೆಯ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆದುಕೊಂಡವು. ಫಾಂಟ್ ಫೈಲ್ ಕಾಪಿ ಮಾಡಿದ ಮೇಲೆ ಓದಲು ಬಂತು. ಯೂನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು ಅಲ್ಲಲ್ಲಿ ಎಡವಟ್ಟು. ಒಂದು ಇನ್ನೂರು ಪುಟದ ಕಾದಂಬರಿಯನ್ನು ಹೀಗೆ ತಿದ್ದಲು ಒಂದು ವಾರ ಹೋಯಿತು. ನಮ್ಮ ಪ್ರೆಸ್ಸಿನವರು ಇವತ್ತಿಗೂ "ಮೇಡಂ, ನುಡಿ ಫೈಲೇ ಕಳಿಸಿ, ನಮ್ಮ ಪೇಜ್‌ಮೇಕರ್‌ಗೆ ಅದೇ ಬೇಕು" ಎನ್ನುತ್ತಾರೆ. ಆ ಕೆಲಸಕ್ಕೆ ಮಾತ್ರ ತಮ್ಮನ ವಿಂಡೋಸ್ ಕಂಪ್ಯೂಟರ್ ಮುಂದೆ ಕೂರುತ್ತೇನೆ. ನನ್ನ ಹಳೇ ಪ್ರಿಂಟರ್ ಕೂಡ ಅಲ್ಲೇ ಸೇರಿದೆ. ಲಿನಕ್ಸ್‌ನಲ್ಲಿ ಅದು ಒಂದು ಹಾಳೆಯನ್ನೂ ಹೊರಗೆ ತಳ್ಳಲಿಲ್ಲ.

2022ರಲ್ಲಿ, ಹಳೇ ಕಂಪ್ಯೂಟರಿಗೂ ಹಾಕಬಹುದಾದ ಕ್ರೋಮ್ ಓಎಸ್ ಫ್ಲೆಕ್ಸ್ ಬಂದಾಗ ಪೆನ್‌ಡ್ರೈವ್‌ನಿಂದ ನಡೆಸಿ ನೋಡಿದೆ. ಅದು 4 ಜಿಬಿ ರ್‍ಯಾಮ್ ಕೇಳುತ್ತದೆ, ನನ್ನ ಹತ್ತಿರ ಇರುವುದು ಎರಡು. ಮೂರು ಟ್ಯಾಬ್‌ಗೇ ಸುಸ್ತಾಯಿತು. ಕ್ರೋಮ್‌ಬುಕ್‌ನ ಹಾಗೆ ಪ್ಲೇ ಸ್ಟೋರ್ ಇದರಲ್ಲಿಲ್ಲ. ಅದರ ಕನ್ನಡ ಕೀಬೋರ್ಡ್ ನನ್ನ ಬೆರಳಿಗೆ ಒಗ್ಗಲಿಲ್ಲ. ವಾರದಲ್ಲಿ ವಾಪಸ್ ಬಂದೆ.

ಹಾಗಂತ ಕ್ರೋಮ್ ಓಎಸ್ ಕೆಟ್ಟದ್ದಲ್ಲ. ಮಗಳಿಗೆ ಕೊಡಿಸಿದ್ದು 4 ಜಿಬಿಯ ಕ್ರೋಮ್‌ಬುಕ್. ಮುಚ್ಚಳ ತೆಗೆದರೆ ಕೆಲಸ ಶುರು. ಹೋಮ್‌ವರ್ಕ್, ವಿಡಿಯೊ ಪಾಠ, ಎಲ್ಲ ಸುಸೂತ್ರ. ಕರೆಂಟ್ ಹೋಗಿ ವೈಫೈ ನಿಂತಾಗ ಮಾತ್ರ ಅರ್ಧ ಬಲ ಹೋದಂತೆ. ಗೂಗಲ್ ಡಾಕ್ಸ್ ಫೈಲ್‌ಗಳನ್ನು ಆಫ್‌ಲೈನ್‌ಗೆ ಇಟ್ಟುಕೊಳ್ಳುವುದನ್ನು ಅವಳಿಗೆ ಕಲಿಸಬೇಕಾಯಿತು.

ಈಗ ಕೊಳ್ಳುವವರು ನನ್ನನ್ನು ಕೇಳಿದರೆ, ವೇಗ ಆಮೇಲೆ, ಮೊದಲು ಅದರ ಆಯುಸ್ಸು ನೋಡಿ ಎನ್ನುತ್ತೇನೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್‌ನಲ್ಲೇ ಇದ್ದಿದ್ದರೆ ನನ್ನದು ಅವತ್ತೇ ಗುಜರಿ ಲೆಕ್ಕ. ಕ್ರೋಮ್‌ಬುಕ್‌ಗಳಿಗೆ 2021ರಿಂದ ಈಚೆಗೆ ಬಂದ ಮಾದರಿಗಳಲ್ಲಿ 10 ವರ್ಷ ಅಪ್‌ಡೇಟ್ ಅಂತ ಗೂಗಲ್ 2023ರಲ್ಲಿ ಹೇಳಿತು. ಆದರೆ ಆ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ, ಮಾದರಿಯ ಒಳಗಿನ ಮೂಲ ಹಾರ್ಡ್‌ವೇರ್ ಪ್ಲಾಟ್‌ಫಾರ್ಮ್ ಮೊದಲು ಬಂದಾಗಿನಿಂದಲೇ ಶುರು. ಆಫರ್‌ನಲ್ಲಿ ಸಿಕ್ಕಿತು ಅಂತ ಹಳೇ ಮಾದರಿ ತಂದರೆ ಮೂರ್ನಾಲ್ಕು ವರ್ಷ ಆಗಲೇ ಕಳೆದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಓಎಸ್ ಬಗ್ಗೆ ಇರುವ ಪುಟದಲ್ಲಿ ಕೊನೆಯ ತಿಂಗಳು ಬರೆದಿರುತ್ತದೆ. ಅಂಗಡಿಯಲ್ಲೇ ತೆರೆದು ನೋಡಿ.

ಮಗಳದ್ದು 2031ರ ಜೂನ್ ಅಂತ ತೋರಿಸುತ್ತದೆ. ನನ್ನದರ ಬ್ಯಾಟರಿ ಈಗ ಮುಕ್ಕಾಲು ಗಂಟೆ ಬರುತ್ತದೆ, ಎಡಗಡೆಯ ಹಿಂಜ್ ಸಡಿಲ. ಈ ವಿಮರ್ಶೆ ಟೈಪ್ ಮಾಡಿದ್ದು ಅದರಲ್ಲೇ, ಚಾರ್ಜರ್ ಸಿಕ್ಕಿಸಿಕೊಂಡು.