ದಾಳಿಂಬೆಗೆ ಕುಂಡವೋ ನೆಲವೋ: ಎರಡನ್ನೂ ಬೆಳೆಸಿ ನೋಡಿದ ಮೇಲೆ

ಮನೆಯ ಹಿತ್ತಲಿನಲ್ಲಿ ಬಿಸಿಲು ಬೀಳುವ ಹತ್ತು ಅಡಿ ಜಾಗವಿದ್ದರೂ ಸಾಕು, ದಾಳಿಂಬೆಯನ್ನು ನೆಲದಲ್ಲೇ ನೆಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ತಾಯಿಗಿಡದಿಂದ ತೆಗೆದ ಎರಡು ಗೂಟಿ ಸಸಿಗಳಲ್ಲಿ (ಗಿಡದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿ ತೆಗೆದವು) ಒಂದನ್ನು ಹಿತ್ತಲ ಮೂಲೆಯಲ್ಲಿಯೂ ಇನ್ನೊಂದನ್ನು ಮಹಡಿಯ ಮೇಲೆ ದೊಡ್ಡ ಕುಂಡದಲ್ಲಿಯೂ ಬೆಳೆಸುತ್ತ ಬಂದಿರುವುದರಿಂದ, ತಳಿಯ ವ್ಯತ್ಯಾಸ ಈ ಹೋಲಿಕೆಗೆ ಅಡ್ಡ ಬರುವುದಿಲ್ಲ. ಬೀಜದಿಂದ ಎಬ್ಬಿಸಿದ ಸಸಿಗಳು ಅಗ್ಗವಾಗಿ ಸಿಗುತ್ತವೆ. ಆದರೆ ಅವುಗಳಿಗೆ ತಾಯಿಗಿಡದ ಗುಣವೇ ಬರುತ್ತದೆಂಬ ಖಾತರಿಯಿಲ್ಲ, ಫಲಕ್ಕೂ ಹೆಚ್ಚು ಕಾಲ ಕಾಯಬೇಕಾಗುತ್ತದೆ. ಆದ್ದರಿಂದ ಅವುಗಳನ್ನು ಪರಿಗಣಿಸಲಿಲ್ಲ.

ಮೊದಮೊದಲು ಕುಂಡದ ಗಿಡವೇ ಮುಂದಿತ್ತು. ಬೇರಿಗೆ ಹರಡಲು ಜಾಗ ಕಡಿಮೆಯಾದ ಗಿಡ ಬೇಗ ಹೂ ಬಿಡುವುದು ಸಾಮಾನ್ಯ. ಮಹಡಿಯ ಗಿಡ ಮೈತುಂಬ ಕೆಂಪು ಹೂ ಹೊತ್ತಾಗ ನೆಲದ ಗಿಡ ಇನ್ನೂ ಎಲೆ, ಕೊಂಬೆಗಳಲ್ಲೇ ಮಗ್ನವಾಗಿತ್ತು. ಆದರೆ ಹೂವಿನ ಸಂಖ್ಯೆಯನ್ನು ನಂಬುವಂತಿಲ್ಲ. ಒಂದು ಹೂವನ್ನು ಅಡ್ಡಲಾಗಿ ಹಿಡಿದು ನೋಡಿದರೆ, ತೊಟ್ಟಿನ ಬಳಿ ಬುಡ ದುಂಡಗೆ ಉಬ್ಬಿರುವುದು ಕಾಯಿ ಕಟ್ಟುವ ದ್ವಿಲಿಂಗಿ ಹೂ. ಬುಡ ಸಣಕಲಾಗಿ ತುದಿಯತ್ತ ಅಗಲವಾಗುತ್ತ ಹೋಗುವುದು ಗಂಡು ಹೂ, ಅದು ಉದುರುವುದೇ ಸಹಜ. ಕುಂಡದ ಗಿಡದಲ್ಲಿ ಎರಡನೆಯ ಬಗೆಯ ಹೂಗಳೇ ಹೆಚ್ಚಾಗಿದ್ದವು.

ಅದನ್ನಾದರೂ ಸಹಿಸಬಹುದಿತ್ತು; ನನ್ನ ತಾಳ್ಮೆ ಕೆಡಿಸಿದ್ದು ಕಾಯಿ ಬಿರಿಯುವ ಸಮಸ್ಯೆ. ಹೂವಿನಿಂದ ಹಣ್ಣಾಗುವವರೆಗೆ ದಾಳಿಂಬೆ ಐದರಿಂದ ಏಳು ತಿಂಗಳು ತೆಗೆದುಕೊಳ್ಳುತ್ತದೆ. ಅಷ್ಟು ಕಾಲ ಕಾದು, ಇನ್ನೇನು ಬಣ್ಣ ತಿರುಗಿತು ಎನ್ನುವಾಗ ಒಂದು ಬೆಳಿಗ್ಗೆ ಕಾಯಿಯ ಹೊಟ್ಟೆ ಸೀಳಿ, ಒಳಗಿನ ಕಾಳುಗಳಿಗೆ ಇರುವೆ ಮುತ್ತಿರುವುದನ್ನು ನೋಡಬೇಕಾಗುತ್ತದೆ. ಕಾರಣ ಸರಳವಾಗಿದೆ. ಮಣ್ಣು ಒಣಗಿದ ದಿನಗಳಲ್ಲಿ ಸಿಪ್ಪೆ ಗಡುಸಾಗಿ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಅನಂತರ ನೀರು ಹೇರಳವಾಗಿ ಸಿಕ್ಕಿದಾಗ ಕಾಳುಗಳು ಒಮ್ಮೆಲೇ ಉಬ್ಬುತ್ತವೆ, ಆ ಒತ್ತಡವನ್ನು ತಡೆಯಲಾರದೆ ಸಿಪ್ಪೆ ಒಡೆಯುತ್ತದೆ. ನೆಲದಲ್ಲಿ ಬೇರು ಆಳಕ್ಕೂ ಅಗಲಕ್ಕೂ ಹೋಗಿ ತೇವವನ್ನು ಹುಡುಕಿಕೊಳ್ಳುವುದರಿಂದ ಈ ಏರಿಳಿತ ನಿಧಾನವಾಗಿರುತ್ತದೆ. ಕುಂಡದಲ್ಲಿ ಹಾಗಲ್ಲ, ನಾಲ್ಕೂ ಕಡೆಯಿಂದ ಬಿಸಿಲು ತಾಗುವ ಆ ಹಿಡಿ ಮಣ್ಣು ಒಂದೇ ಮಧ್ಯಾಹ್ನದಲ್ಲಿ ಬರಡಾಗುತ್ತದೆ.

ಇದರಲ್ಲಿ ಇನ್ನೊಂದು ಮೋಸವೂ ಇದೆ, ಅದನ್ನು ಕಂಡುಹಿಡಿಯಲು ನನಗೆ ಬಹಳ ಸಮಯ ಹಿಡಿಯಿತು. ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ತೆಂಗಿನ ನಾರಿನ ಪುಡಿ ಹೆಚ್ಚಾಗಿರುವ ಮಿಶ್ರಣದಲ್ಲಂತೂ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮೇಲಿನಿಂದ ಸುರಿದ ನೀರು ಆ ಸಂದಿನಲ್ಲೇ ಜಾರಿ ಕೆಳಗಿನ ತೂತಿನಿಂದ ಹೊರಬರುತ್ತದೆ. ನೋಡಿದವರಿಗೆ ಕುಂಡ ಚೆನ್ನಾಗಿ ನೆನೆದಂತೆಯೇ ಕಾಣುತ್ತದೆ, ಬೇರಿನ ಮುದ್ದೆಯ ನಡುಭಾಗ ಮಾತ್ರ ಒಣಗಿಯೇ ಉಳಿಯುತ್ತದೆ. ಒಂದು ಬಿದಿರಿನ ಕಡ್ಡಿಯನ್ನು ಗೇಣುದ್ದ ಇಳಿಸಿ ಹೊರತೆಗೆದಾಗ ಅದಕ್ಕೆ ಮಣ್ಣು ಅಂಟದಿದ್ದರೆ ನೀರು ತಲುಪಿಲ್ಲವೆಂದೇ ಅರ್ಥ. ಆಗ ಗಾಬರಿಯಿಂದ ಬಕೆಟ್‌ಗಟ್ಟಲೆ ಸುರಿದರೆ ಉಳಿದ ಕಾಯಿಗಳೂ ಬಿರಿಯುತ್ತವೆ. ಸ್ವಲ್ಪ ಸ್ವಲ್ಪವಾಗಿ, ನಡುವೆ ಬಿಡುವು ಕೊಟ್ಟು ನೆನೆಸಬೇಕು. ಹನಿ ನೀರಾವರಿಯ ಸಣ್ಣ ಕೊಳವೆ, ಮೇಲೆ ಒಣ ಎಲೆಗಳ ದಪ್ಪ ಹೊದಿಕೆ, ಇವೆರಡನ್ನೂ ಅಳವಡಿಸಿದ ಮೇಲೆ ಬಿರಿಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಬೋರಾನ್ ಮತ್ತು ಕ್ಯಾಲ್ಸಿಯಂ ಕೊರತೆಯಿಂದಲೂ ಕಾಯಿ ಬಿರಿಯುತ್ತದೆ. ಆದರೆ ನೀರಿನ ಲಯ ತಪ್ಪಿದ ಗಿಡಕ್ಕೆ ಪೋಷಕಾಂಶ ಸಿಂಪಡಿಸಿ ಪ್ರಯೋಜನವಿಲ್ಲ.

ಕಾಯಿ ಕೊರಕದ ವಿಷಯದಲ್ಲಿ ಕುಂಡಕ್ಕೇ ಗೆಲುವು. ಚಿಟ್ಟೆ ಎಳೆಗಾಯಿಯ ಮೇಲೆ ಮೊಟ್ಟೆಯಿಡುವ ಮೊದಲೇ ಬಟ್ಟೆಯ ಚೀಲ ಕಟ್ಟಬೇಕು, ಗಿಡ ಎದೆಯೆತ್ತರದಲ್ಲಿದ್ದರೆ ಅದು ಸುಲಭ. ನೆಲದ ಗಿಡದಲ್ಲಿ ಕೈಗೆಟುಕದ ಕಾಯಿಗಳನ್ನು ಹುಳುವಿಗೆ ಬಿಟ್ಟುಕೊಟ್ಟಿದ್ದೇನೆ.

ಬುಡದಿಂದ ಏಳುವ ಚಿಗುರುಗಳನ್ನು ಎರಡರಲ್ಲೂ ಕೀಳುತ್ತಲೇ ಇರಬೇಕು. ನೆಲದ ಗಿಡದಲ್ಲಿ ಈ ಕೆಲಸ ಹೆಚ್ಚು. ಗಟ್ಟಿಯಾದ ಮೂರು ಕಾಂಡಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಒಂದಕ್ಕೆ ಕಾಂಡಕೊರಕ ತಗುಲಿದರೂ ಗಿಡ ಬದುಕುತ್ತದೆ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ನೆಲದ ಗಿಡ ಬೇಡಿದ್ದು ಒಂದು ಗುಂಡಿ, ಕೊಟ್ಟಿಗೆ ಗೊಬ್ಬರ ಮತ್ತು ವರ್ಷಕ್ಕೊಮ್ಮೆ ಸವರುವಿಕೆ. ಕುಂಡದ ಗಿಡಕ್ಕೆ ಮಣ್ಣಿನ ಮಿಶ್ರಣ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಕತ್ತರಿಸಿ ಮರುನೆಡುವ ಶ್ರಮ, ಆ ಭಾರವನ್ನು ಎತ್ತಲು ಇನ್ನೊಬ್ಬರ ಕೈ, ಎಲ್ಲವೂ ಬೇಕು.

ನಾನು ಆಗಾಗ ಊರು ಬಿಟ್ಟು ಹೋಗುವವನು, ಪ್ರತಿದಿನ ಹೊತ್ತಿಗೆ ಸರಿಯಾಗಿ ನೀರು ಹಾಕುವ ಶಿಸ್ತು ನನಗಿಲ್ಲ. ಆದ್ದರಿಂದ ನೆಲವೇ ನನಗೆ ಸರಿ. ದಿನವೂ ಗಿಡದ ಬಳಿ ಹೋಗುವ ರೂಢಿಯುಳ್ಳವರಿಗೆ ಕುಂಡ ಇಷ್ಟೊಂದು ಕಾಡದಿರಬಹುದು. ಮಳೆಗಾಲದಲ್ಲಿ ನೀರು ನಿಲ್ಲುವ ಹಿತ್ತಲಿದ್ದವರಿಗಂತೂ ಕುಂಡವೇ ಮೇಲು, ಏಕೆಂದರೆ ದಾಳಿಂಬೆ ಬರವನ್ನು ಸಹಿಸೀತು, ಬುಡದಲ್ಲಿ ನಿಂತ ನೀರನ್ನು ಸಹಿಸದು. ಮಹಡಿ ಬಿಟ್ಟರೆ ಬೇರೆ ಜಾಗವಿಲ್ಲದವರು ಮೂರಡಿಯ ಆಸುಪಾಸಿನಲ್ಲೇ ನಿಲ್ಲುವ 'ನಾನಾ' ಎಂಬ ಕುಳ್ಳ ಬಗೆಯನ್ನು ನೋಡಬಹುದು; ಅದರ ಹಣ್ಣು ಪುಟ್ಟದು, ಹುಳಿಯೂ ಹೌದು, ಆದರೆ ಕುಂಡಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ನನ್ನ ಮಹಡಿಯ ಗಿಡವನ್ನು ಮುಂದಿನ ಬಾರಿ ಎಲೆಯುದುರಿ ವಿಶ್ರಾಂತಿಯಲ್ಲಿರುವಾಗ ಹಿತ್ತಲಿಗೆ ಇಳಿಸಲಿದ್ದೇನೆ, ಖಾಲಿಯಾಗುವ ಕುಂಡಕ್ಕೆ ನಿಂಬೆ ಬರಲಿದೆ.