ತಗಡಿನ ಪೆಟ್ಟಿಗೆಯೋ, ಚರ್ಮದ ಪೆಟ್ಟಿಗೆಯೋ?

1905ರ ಸುಮಾರು. ಲಿವರ್‌ಪೂಲ್‌ನಲ್ಲಿ ಹಡಗು ಹತ್ತಿ ಗೋಲ್ಡ್ ಕೋಸ್ಟ್‌ಗೆ, ಅಂದ್ರೆ ಇಂದಿನ ಘಾನಾಕ್ಕೆ, ಸರ್ಕಾರಿ ಕೆಲಸದ ಮೇಲೆ ಹೊರಟಿದ್ದೀರಿ ಅಂದುಕೊಳ್ಳಿ. ಯಾವ ಪೆಟ್ಟಿಗೆ ಒಯ್ಯುತ್ತೀರಿ?

ಚರ್ಮದ್ದು ನೋಡೋಕೆ ಚೆಂದ. ಆದರೆ ಒಂದು ಮಳೆಗಾಲ ಸಾಕು, ಹೊಲಿಗೆಯುದ್ದಕ್ಕೂ ಬೂಷ್ಟು ಹಿಡಿಯುತ್ತದೆ. ಮರದ್ದಾದರೆ ಗೆದ್ದಲಿಗೆ ಹಬ್ಬ. ತಗಡಿನದು ಬಿಸಿಲಿಗೆ ಕಾಯುತ್ತದೆ, ಬಡಿದರೆ ತಗ್ಗು ಬೀಳುತ್ತದೆ, ನಿಜ. ಆದರೂ ಮುಚ್ಚಳ ಬಿಗಿಯಾಗಿ ಕೂತರೆ ಒಳಗಿನ ಬಟ್ಟೆ, ಕಾಗದ ನೆನೆಯುವುದಿಲ್ಲ. ನನ್ನ ಓಟು ತಗಡಿಗೇ.

ದೊಡ್ಡದೊಂದರ ಬದಲು ಸಣ್ಣವು ಎರಡು ಮೂರು ಇರಲಿ. ರೈಲು, ರಸ್ತೆ ಇಲ್ಲದ ಒಳನಾಡಿನಲ್ಲಿ ಇವನ್ನೆಲ್ಲ ತಲೆ ಮೇಲೆ ಹೊತ್ತು ನಡೆಯುವವರು ಅಲ್ಲಿನ ಜನ. ಒಬ್ಬರಿಗೆ ಒಂದು ಹೊರೆ ಅಂದ್ರೆ ಸುಮಾರು 60 ಪೌಂಡ್, ನಮ್ಮ ಲೆಕ್ಕದಲ್ಲಿ 27 ಕಿಲೋ. ಅದೇ ಜಾಸ್ತಿ, ಅಲ್ವಾ?

ಒಳಗೆ ಏನಿಡಬೇಕು? ಹೊಟ್ಟೆಗೆ ಸುತ್ತುವ ಫ್ಲಾನೆಲ್ ಪಟ್ಟಿ, ಅಂದ್ರೆ ಮೆತ್ತನೆಯ ಉಣ್ಣೆ ಬಟ್ಟೆಯ ಪಟ್ಟಿ, ಕಾಲರಾ ತಡೆಯುತ್ತದೆ ಅಂತ ನಂಬಿದ್ದ ಕಾಲ. ತಡೆಯುವುದಿಲ್ಲ, ಸುಮ್ನೆ ಜಾಗ ದಂಡ. ಆ ಜಾಗದಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ಮತ್ತು ಸೊಳ್ಳೆ ಪರದೆ ಇಡಿ. 1897ರಲ್ಲೇ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡಿದ್ದರು. ಪರದೆಯ ಅಂಚು ಹಾಸಿಗೆಯ ಕೆಳಗೆ ಸಿಕ್ಕಿಸುವಷ್ಟು ಉದ್ದ ಇರಲಿ.